ಮಗುವಿನ ಕಾರ್ ಸೀಟ್ ಕೊಳೆಯಾಗಿದೆ: ತೊಳೆಯೋದಾ, ಹೊಸದು ತರೋದಾ?

ಆರಿದ್ರಾ ಮಳೆ ಹಿಡಿದು ನಾಲ್ಕನೇ ದಿನ. ಕಾರಿನ ಹಿಂಬಾಗಿಲು ತೆಗೆದೆ. ಹುಳಿ ಮೊಸರು, ಒದ್ದೆ ಗೋಣಿಚೀಲ ಎರಡೂ ಸೇರಿದಂಥ ವಾಸನೆ ಮುಖಕ್ಕೆ ಹೊಡೆಯಿತು. ಹದಿನೈದು ದಿನದ ಹಿಂದೆ ಮಂಗಳೂರಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮಗಳು ಕುಡಿದ ಹಾಲನ್ನೆಲ್ಲ ವಾಂತಿ ಮಾಡಿಕೊಂಡಿದ್ದಳು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೊಂದು ಟವೆಲ್ ಹಾಸಿ ಚಿಕ್ಕಮಗಳೂರಿಗೆ ಬಂದಿದ್ದೆವು. ಆಮೇಲೆ ಮಳೆ. ಕಾರು ಶೆಡ್ಡಿನಲ್ಲೇ ನಿಂತಿತ್ತು. ಈಗ ನೋಡಿದರೆ ಕವರಿನ ಹೊಲಿಗೆಯಲ್ಲಿ ಬೂದು ಬಣ್ಣದ ಬೂಷ್ಟು, ಬಕಲ್ ಸುತ್ತ ಅಂಟು, ಸಂದಿಯಲ್ಲಿ ಬಿಸ್ಕತ್ ಪುಡಿ, ಅದಕ್ಕೆ ಇರುವೆ ಸಾಲು.

ಅತ್ತೆ ನೋಡಿದವರೇ, "ಬಿಸಿನೀರಿಗೆ ಸೋಪಿನ ಪುಡಿ ಹಾಕಿ ಪೂರಾ ಮುಳುಗಿಸಿಬಿಡು ಕಣಮ್ಮ. ರಾತ್ರಿ ಹಂಡೆ ಒಲೆ ಹತ್ರ ಇಟ್ರೆ ಬೆಳಗ್ಗೆಗೆ ಒಣಗುತ್ತೆ" ಅಂದರು. ನಮ್ಮನೆಯವರು, "ಇಷ್ಟು ಗಲೀಜಾಗಿದೆ, ಬಿಸಾಕಿ ಹೊಸದು ತರೋಣ" ಅಂದರು. ಅದೇ ವಾರ ಹಾಸನದಿಂದ ನಾದಿನಿ ಫೋನ್ ಮಾಡಿ, "ಅತ್ತಿಗೆ, ಅಟ್ಟದ ಮೇಲೆ ನಮ್ಮ ಹುಡುಗನ ಸೀಟ್ ಇದೆ. ಒಂದು ಕಲೆಯೂ ಇಲ್ಲ. ಬಂದು ತಗೊಂಡು ಹೋಗಿ" ಅಂದಳು.

ಕೊನೆಗೆ ಏನಾಯಿತು ಅಂದರೆ, ಗಬ್ಬು ನಾರುತ್ತಿದ್ದ ನಮ್ಮ ಸೀಟ್ ಉಳಿಯಿತು. ಒಂದು ಕಲೆಯೂ ಇಲ್ಲದ ಹಾಸನದ ಸೀಟ್ ಗುಜರಿಗೆ ಹೋಯಿತು. ಕೊಳೆ ಎಷ್ಟಿದೆ ಅಂತ ನೋಡಿ ತೀರ್ಮಾನ ಮಾಡಿದ್ದರೆ ಎರಡೂ ತಪ್ಪಾಗುತ್ತಿತ್ತು. ಕೊಳೆ ಸೀಟಿನ ಯಾವ ಭಾಗಕ್ಕೆ ಹೋಗಿ ಕೂತಿದೆ ಅನ್ನೋದನ್ನ ಹುಡುಕಬೇಕು. ನಾನು ಹುಡುಕಿದ ದಾರಿಯನ್ನ ಇಲ್ಲಿ ಬರೆಯುತ್ತಿದ್ದೇನೆ.

ನೀರು ಮುಟ್ಟಿಸುವ ಮೊದಲು

ಕೊಳೆ ಕಂಡ ತಕ್ಷಣ ಬಕೆಟ್ ಹಿಡಿಯಬೇಡಿ. ಎರಡು ದಿನ ಒದ್ದಾಡಿ ತೊಳೆದ ಮೇಲೆ ಸೀಟಿನ ಅವಧಿಯೇ ಮುಗಿದಿದೆ ಅಂತ ಗೊತ್ತಾದರೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತದೆ.

ಸೀಟನ್ನ ಕಾರಿಂದ ಹೊರಗೆ ತಂದು ಬೋರಲು ಹಾಕಿ. ಅಡಿಯಲ್ಲೋ ಬೆನ್ನಿನ ಹಿಂದೆಯೋ ಒಂದು ಸ್ಟಿಕರ್ ಇರುತ್ತದೆ. ಜೊತೆಗೆ ಪ್ಲಾಸ್ಟಿಕ್ಕಿನ ಮೇಲೇ ಗಡಿಯಾರದ ಥರ ಒಂದು ಸಣ್ಣ ವೃತ್ತ ಅಚ್ಚಾಗಿರುತ್ತದೆ: ನಡುವೆ ವರ್ಷ, ಸುತ್ತ 1ರಿಂದ 12ರವರೆಗೆ ತಿಂಗಳು, ಒಂದು ಬಾಣ. ಅದು ತಯಾರಾದ ತಿಂಗಳು. ಸಾಮಾನ್ಯವಾಗಿ ಕಂಪನಿಗಳು ತಯಾರಾದ ದಿನದಿಂದ 6ರಿಂದ 10 ವರ್ಷದ ಅವಧಿ ಕೊಡುತ್ತವೆ. ನಿಮ್ಮ ಸೀಟಿಗೆ ಎಷ್ಟು ಅನ್ನೋದು ಅದರ ಪುಸ್ತಕದಲ್ಲಿ ಇರುತ್ತದೆ. ನೀವು ಕೊಂಡ ದಿನದಿಂದ ಎಣಿಸಬೇಡಿ. ಅಂಗಡಿಯಲ್ಲಿ ಒಂದು ವರ್ಷ ಕೂತಿದ್ದರೆ ಆ ವರ್ಷವೂ ಲೆಕ್ಕಕ್ಕೆ ಬರುತ್ತದೆ. ಬಿಸಿಲು, ಚಳಿ, ಮತ್ತೆ ಬಿಸಿಲು ಅಂತ ಕಾರಿನೊಳಗೇ ಇದ್ದು ಪ್ಲಾಸ್ಟಿಕ್ ದಿನ ಕಳೆದಂತೆ ಬಿರುಸಾಗುತ್ತದೆ. ಕಣ್ಣಿಗೆ ಕಾಣದೇ ಇರಬಹುದು.

ಎರಡನೇ ಪ್ರಶ್ನೆ, ಈ ಸೀಟ್ ಅಪಘಾತದಲ್ಲಿ ಇತ್ತಾ? ಜೋರಾದ ಡಿಕ್ಕಿಯಾಗಿದ್ದರೆ, ಒಳಗೆ ಮಗು ಇರಲಿ ಬಿಡಲಿ, ಸೀಟ್ ಬದಲಾಯಿಸಲೇಬೇಕು. ಸಣ್ಣಪುಟ್ಟ ತಾಗುವಿಕೆಗೆ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಒಂದು ಲೆಕ್ಕ ಇಟ್ಟಿದೆ. ಕಾರು ತಾನಾಗಿ ಓಡಿಕೊಂಡು ಹೋಗುವ ಸ್ಥಿತಿಯಲ್ಲಿತ್ತು, ಸೀಟಿನ ಪಕ್ಕದ ಬಾಗಿಲಿಗೆ ಏನೂ ಆಗಿಲ್ಲ, ಯಾರಿಗೂ ಗಾಯವಿಲ್ಲ, ಏರ್‌ಬ್ಯಾಗ್ ಬಿಚ್ಚಿಕೊಂಡಿಲ್ಲ, ಸೀಟಿನ ಮೇಲೆ ಕಾಣುವ ಹಾನಿ ಇಲ್ಲ. ಐದಕ್ಕೆ ಐದೂ ಸರಿ ಇದ್ದರೆ ಮಾತ್ರ ಅದು ಸಣ್ಣ ಡಿಕ್ಕಿ. ಆದರೂ ನಿಮ್ಮ ಸೀಟಿನ ಪುಸ್ತಕ "ಯಾವ ಡಿಕ್ಕಿಯಾದರೂ ಬದಲಾಯಿಸಿ" ಅಂದಿದ್ದರೆ ಅದನ್ನೇ ಕೇಳಿ. ಬೇರೆಯವರಿಂದ ಬಂದ ಸೀಟಾದರೆ ಈ ಪ್ರಶ್ನೆಗೆ ನೇರ ಉತ್ತರ ಸಿಗದೇ ಹೋದಾಗ ನಾನಂತೂ ಮುಂದೆ ಹೋಗುವುದಿಲ್ಲ.

ಮೂರನೆಯದು ಅಳತೆ. ಮಗುವಿನ ಭುಜ, ಸೀಟಿನ ಬೆನ್ನಿನಲ್ಲಿ ಬೆಲ್ಟ್ ಹೊರಬರುವ ಎಲ್ಲಕ್ಕಿಂತ ಮೇಲಿನ ತೂತಿಗಿಂತ ಮೇಲೆ ಹೋಗಿದ್ದರೆ, ಅಥವಾ ಮುಂದಕ್ಕೆ ಮುಖ ಮಾಡಿ ಕೂರುವ ಸೀಟಿನಲ್ಲಿ ಕಿವಿ ಸೀಟಿನ ತುದಿ ದಾಟಿದ್ದರೆ, ಅದು ಈ ಮಗುವಿಗೆ ಚಿಕ್ಕದಾಗಿದೆ. ಎಷ್ಟು ತೊಳೆದರೂ ದೊಡ್ಡದಾಗುವುದಿಲ್ಲ. ತೂಕವನ್ನೂ ನೋಡಿ. ಕಿತ್ತಳೆ ಬಣ್ಣದ ಸ್ಟಿಕರಿನಲ್ಲಿ 9-18 ಕೆ.ಜಿ. ಅಂತಿದ್ದು ಮಗು 19 ಕೆ.ಜಿ. ಇದ್ದರೆ ಆ ಬೆಲ್ಟಿನ ಕೆಲಸ ಮುಗಿಯಿತು. ಸ್ಟಿಕರೇ ಇಲ್ಲ, ಪುಸ್ತಕವೂ ಇಲ್ಲ, ಭಾರತದ ಸುರಕ್ಷತಾ ಮಾನದಂಡ ಎಐಎಸ್-072 ಅಂತಾಗಲಿ ಯುರೋಪಿನ ಇಸಿಇ ಆರ್44, ಆರ್129 ಅಂತಾಗಲಿ ಎಲ್ಲೂ ಬರೆದಿಲ್ಲ ಅಂದರೆ ಅಂಥದ್ದನ್ನ ತೊಳೆಯುವುದು ವ್ಯರ್ಥ.

ನಮ್ಮ ಸೀಟಿಗೆ ಮೂರು ವರ್ಷ. ಅಪಘಾತ ಆಗಿಲ್ಲ. ಮಗಳಿಗೆ 13 ಕೆ.ಜಿ., ಭುಜದ ಮೇಲೆ ಇನ್ನೂ ಒಂದು ತೂತು ಬಾಕಿ. ಮುಂದಿನ ಹೆಜ್ಜೆಗೆ ಹೋಗಬಹುದು ಅಂತಾಯಿತು.

ವಾಸನೆ ಎಲ್ಲಿಂದ ಬರುತ್ತಿದೆ?

ಕವರ್ ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಮುಂದೆ, ಹಿಂದೆ, ಅಡಿ. ಮುಖ್ಯವಾಗಿ ಬೆನ್ನಿನ ಹಿಂದೆ ಎರಡು ಬೆಲ್ಟೂ ಬಂದು ಸಿಕ್ಕಿಕೊಳ್ಳುವ ಲೋಹದ ತುಂಡು ಇರುತ್ತದಲ್ಲ, ಅದನ್ನ ಹತ್ತಿರದಿಂದ ಎರಡು ಮೂರು ಸಲ ತೆಗೆಯಿರಿ. ತೊಳೆದು ಜೋಡಿಸುವಾಗ ಜಾಸ್ತಿ ಜನ ತಪ್ಪುವುದು ಅಲ್ಲೇ.

ಆಮೇಲೆ ಒಂದೊಂದೇ ಭಾಗ ಬಿಡಿಸಿ, ಬೇರೆ ಬೇರೆ ಇಟ್ಟು ಮೂಸಿ ನೋಡಿ. ಕೇಳೋಕೆ ಹೇಗೋ ಅನ್ನಿಸಬಹುದು, ಆದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ನಾನು ಜಗಲಿ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಐದು ಗುಂಪು ಮಾಡಿದೆ: ಬಟ್ಟೆ ಕವರ್, ಭುಜದ ಪ್ಯಾಡ್ ಮತ್ತು ಕಾಲ ನಡುವಿನ ಪ್ಯಾಡ್, ಬೆಲ್ಟು, ಬಕಲ್, ಫೋಮ್ ಸಮೇತ ಪ್ಲಾಸ್ಟಿಕ್ ಬಾಡಿ. ಕವರ್ ಜೋರಾಗಿ ನಾರುತ್ತಿತ್ತು. ಕಾಲ ನಡುವಿನ ಪ್ಯಾಡ್ ಅದಕ್ಕಿಂತ ಜಾಸ್ತಿ. ಅದನ್ನ ಹಿಂಡಿದರೆ ಹಳದಿ ನೀರು ಬಂತು. ಬೆಲ್ಟಿನಲ್ಲಿ ಸ್ವಲ್ಪವೇ ಹುಳಿ ವಾಸನೆ. ಬಾಡಿಯಲ್ಲಿ ಏನೂ ಇಲ್ಲ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಕೊಳೆಯಲ್ಲಿ ಬಹುಪಾಲು ಇದ್ದದ್ದು ಮಗುವಿನ ಮೈಗೆ ಮೆತ್ತಗಿರಲಿ ಅಂತ ಹಾಕಿರುವ ಭಾಗದಲ್ಲಿ. ಮಗುವನ್ನ ಹಿಡಿದು ನಿಲ್ಲಿಸುವ ಭಾಗಕ್ಕೆ ಅದು ಅಷ್ಟಾಗಿ ಇಳಿದಿರಲಿಲ್ಲ.

ಕವರಿನ ವಿಷಯ ಸುಲಭ. ಒಳಗೆ ಹೊಲಿದಿರುವ ಚೀಟಿ ನೋಡಿ. ಹೆಚ್ಚಿನವು 30 ಡಿಗ್ರಿ ನೀರಿನಲ್ಲಿ, ಮೆದುವಾದ ಸೋಪಿನಲ್ಲಿ ತೊಳೆಯುವಂಥವು. ಹಿಂಡಬೇಡಿ, ಡ್ರೈಯರಿಗೆ ಹಾಕಬೇಡಿ, ಇಸ್ತ್ರಿ ಬೇಡ. ಹಾಲಿನ ವಾಂತಿಗೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಹಾಲು ಹೆಪ್ಪುಗಟ್ಟಿ ನೂಲಿಗೆ ಹಿಡಿದುಕೊಳ್ಳುತ್ತದೆ. ವಾಸನೆ ಉಳಿದರೆ ಕವರಿನ ಮೇಲೆ ಮಾತ್ರ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಮತ್ತೆ ತೊಳೆಯಿರಿ. ಕಲೆ ಪೂರ್ತಿ ಹೋಗದಿದ್ದರೂ ಚಿಂತೆ ಬೇಡ. ಕಲೆಯಿಂದ ಮಗುವಿಗೆ ಅಪಾಯವಿಲ್ಲ.

ಬೆಲ್ಟು: ನಿಜವಾದ ತೀರ್ಮಾನ ಇಲ್ಲಿ

ಬೆಲ್ಟನ್ನ ಬಟ್ಟೆ ಅಂತ ನೋಡಬೇಡಿ. ಅದು ಕೆಲಸ ಮಾಡುವ ಭಾಗ, ಬಾವಿಯ ಹಗ್ಗದ ಹಾಗೆ. ಒಂದು ಲೆಕ್ಕ ಹಾಕಿ ನೋಡಿ. 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಏನಕ್ಕೋ ಗುದ್ದಿ ಅರ್ಧ ಮೀಟರಿನೊಳಗೆ ನಿಂತುಬಿಟ್ಟರೆ, ಒಳಗಿರುವ ಮಗುವನ್ನ ಅದರ ತೂಕದ ಸುಮಾರು 20 ಪಟ್ಟು ಬಲ ಮುಂದಕ್ಕೆ ಎಳೆಯುತ್ತದೆ. 12 ಕೆ.ಜಿ. ಮಗು ಅಂದರೆ ಹತ್ತಿರ ಹತ್ತಿರ 240 ಕೆ.ಜಿ. ಐವತ್ತು ಕೆ.ಜಿ.ಯ ಸುಮಾರು ಐದು ಕಾಫಿ ಮೂಟೆ. ಕಡೂರು ರಸ್ತೆಯಲ್ಲಿ 50 ದೊಡ್ಡ ವೇಗವೇನಲ್ಲ, ಅಲ್ವಾ? ಯುರೋಪಿನ ಆರ್44 ನಿಯಮದಲ್ಲಿ ಮುಂದಿನಿಂದ ಗುದ್ದಿಸುವ ಪರೀಕ್ಷೆ ಮಾಡುವುದೂ ಇದೇ ವೇಗದಲ್ಲಿ. ಅಷ್ಟು ಎಳೆತವನ್ನ ತಡೆಯುವುದು ನಾಲ್ಕು ಬೆರಳಿನಷ್ಟೂ ಅಗಲವಿಲ್ಲದ ಈ ಪಟ್ಟಿ.

ಅದು ಪಾಲಿಯೆಸ್ಟರ್ ನೂಲಿನ ಒತ್ತಾದ ನೇಯ್ಗೆ. ಗುದ್ದಿದಾಗ ಲೆಕ್ಕ ಇಟ್ಟ ಹಾಗೆ ಸ್ವಲ್ಪವೇ ಹಿಗ್ಗಿ ಮಗುವಿನ ಎದೆಯ ಮೇಲೆ ಬೀಳುವ ಪೆಟ್ಟನ್ನ ಕಡಿಮೆ ಮಾಡುತ್ತದೆ. ಬ್ಲೀಚ್, ವಾಷಿಂಗ್ ಸೋಡಾ, ಕಟುವಾದ ಸೋಪಿನ ಪುಡಿ ಇವೆಲ್ಲ ಆ ನೂಲಿನ ಬಲ ಕುಂದಿಸಬಹುದು. ಬ್ರಷ್ ಹಾಕಿ ಉಜ್ಜಿದರೆ ಮೇಲಿನ ಎಳೆಗಳು ಹರಿಯುತ್ತವೆ. ವಾಷಿಂಗ್ ಮಷೀನಿಗೆ ಹಾಕಿದರೆ ತಿರುಚಿಕೊಂಡು ನೇಯ್ಗೆ ಸಡಿಲವಾಗುತ್ತದೆ. ಅದಕ್ಕೇ ಕಂಪನಿಗಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದೇ ಮಾತು: ಬೆಲ್ಟನ್ನ ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಅಷ್ಟೇ. ಅತ್ತೆಗೆ ನಾನು ಬಾವಿ ಹಗ್ಗದ ಹೋಲಿಕೆ ಕೊಟ್ಟೇ ಹೇಳಿದೆ. ಅವರು ತಕ್ಷಣ, "ಹೌದಲ್ವಾ, ಹಗ್ಗಾನ ಯಾರಾದ್ರೂ ಸೋಪಲ್ಲಿ ಕುದಿಸ್ತಾರಾ" ಅಂದರು.

ಪರೀಕ್ಷೆ ಹೀಗೆ ಮಾಡಿ. ಬೆಲ್ಟನ್ನ ಪೂರ್ತಿ ಸಡಿಲ ಮಾಡಿ ಹೊರಗೆ ಎಳೆಯಿರಿ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಜಾರಿಸಿ. ಸೀಟಿನ ಹಿಂದೆ ಯಾವಾಗಲೂ ಮುಚ್ಚಿಕೊಂಡೇ ಇರುವ ಒಂದು ಗೇಣು ಬೆಲ್ಟ್ ಇರುತ್ತದೆ. ಬಿಸಿಲು, ಬೆವರು, ಹಾಲು ಯಾವುದೂ ಅದಕ್ಕೆ ತಾಗಿರುವುದಿಲ್ಲ. ಹೊಸ ಬೆಲ್ಟ್ ಹೇಗಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಅದರ ಬಣ್ಣ, ದಪ್ಪ, ಬಳುಕು ಹೇಗಿದೆ ನೋಡಿ, ಮುಂದಿನ ಭಾಗವನ್ನ ಅದಕ್ಕೆ ಹೋಲಿಸಿ. ಬೆಲ್ಟ್ ಪ್ಲಾಸ್ಟಿಕ್ಕಿನ ತೂತಿನಿಂದ ಹೊರಬರುವ ಕಡೆ ಟಾರ್ಚ್ ಹಾಕಿ ಎರಡೂ ಅಂಚು ನೋಡಿ. ನಾರು ಎದ್ದಿದೆಯಾ, ಎಲ್ಲಾದರೂ ಕತ್ತರಿಸಿದೆಯಾ, ಹೊಲಿಗೆಯ ದಾರ ಬಿಟ್ಟಿದೆಯಾ, ಒಣಗಿದ ಮೇಲೂ ಗಡುಸಾಗಿ ನಿಲ್ಲುತ್ತಿದೆಯಾ. ಇದರಲ್ಲಿ ಯಾವುದಾದರೂ ಒಂದು ಕಂಡರೂ ತೊಳೆಯುವ ಮಾತು ಬಿಡಿ. ಕಂಪನಿ ಅದೇ ಮಾಡೆಲ್ಲಿಗೆ ಹೊಸ ಬೆಲ್ಟ್ ಸೆಟ್ ಕಳಿಸುತ್ತದಾ ಕೇಳಿ. ಕೊಡದಿದ್ದರೆ ಸೀಟ್ ಬದಲಾಯಿಸಿ. ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಹೊಲಿಸುವುದು, ಬೇರೆ ಬೆಲ್ಟ್ ಹಾಕಿಸುವುದು ಯಾವ ಕಾರಣಕ್ಕೂ ಬೇಡ.

ನಮ್ಮ ಬೆಲ್ಟಿನಲ್ಲಿ ಹಿಂದೆ ಮುಂದೆ ಏನೂ ವ್ಯತ್ಯಾಸ ಕಾಣಲಿಲ್ಲ. ಎದೆಯ ಮಟ್ಟದಲ್ಲಿ ಒಣಗಿದ ಹಾಲಿನ ಬಿಳಿ ಪೊರೆ ಮಾತ್ರ ಇತ್ತು. ಉಗುರು ಬೆಚ್ಚಗಿನ ನೀರು, ಅದಕ್ಕೆ ಮಗುವಿನ ಸೋಪಿನ ನಾಲ್ಕು ಹನಿ. ಬಿಳಿ ಹತ್ತಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿದೆ. ಬಟ್ಟೆ ಕೊಳೆಯಾದಾಗೆಲ್ಲ ಬದಲಾಯಿಸಿದೆ. ಕೊನೆಗೆ ಬರೀ ನೀರಿನ ಬಟ್ಟೆಯಲ್ಲಿ ಮತ್ತೆ ಒರೆಸಿದೆ, ಸೋಪು ಉಳಿಯಬಾರದು ಅಂತ. ಆರು ತುಂಡು ಬಟ್ಟೆ ಬೇಕಾಯಿತು. ಆರನೆಯದು ಬಿಳಿಯಾಗೇ ಉಳಿಯಿತು.

ಬಕಲ್ ಕ್ಲಿಕ್ ಅನ್ನುತ್ತಿಲ್ಲ, ಅಥವಾ ಬಿಡಿಸಲು ಆಗುತ್ತಿಲ್ಲ

ಇದು ಕೊಳೆಯಾದ ಸೀಟುಗಳಲ್ಲಿ ಬರುವ ಸಾಮಾನ್ಯ ದೋಷ, ಆದರೆ ಎಷ್ಟೋ ಜನ ಗಮನಿಸುವುದಿಲ್ಲ. ಮಗು ಕೂತಿರುವಾಗ ಜ್ಯೂಸ್, ಹಾಲು, ಬಿಸ್ಕತ್ ಪುಡಿ ಎಲ್ಲ ಹರಿದು ಬರುವುದು ಬಕಲ್ಲಿನ ಬಾಯಿಗೇ. ಸಕ್ಕರೆ ಅಂಶ ಒಣಗಿ ಒಳಗಿನ ಸ್ಪ್ರಿಂಗ್, ಕೊಕ್ಕೆಗಳಿಗೆ ಅಂಟಾಗುತ್ತದೆ. ಆಗ ಎರಡು ಥರ ತೊಂದರೆ. ಒಂದು, ಕೆಂಪು ಗುಂಡಿ ಒತ್ತಿದರೂ ಬಿಡುವುದಿಲ್ಲ. ಇನ್ನೊಂದು ಇದಕ್ಕಿಂತ ಅಪಾಯ: ಸಿಕ್ಕಿಕೊಂಡ ಹಾಗೆ ಕಾಣುತ್ತದೆ, ಪೂರ್ತಿ ಸಿಕ್ಕಿರುವುದಿಲ್ಲ.

ಎರಡು ಲೋಹದ ತುದಿಗಳನ್ನೂ ಜೋಡಿಸಿ ತೂರಿಸಿ. ಒಂದು ಸ್ಪಷ್ಟವಾದ ಕ್ಲಿಕ್ ಕೇಳಬೇಕು. ಕೇಳಿದ ಮೇಲೂ ಎರಡನ್ನೂ ಜೋರಾಗಿ ಮೇಲಕ್ಕೆ ಜಗ್ಗಿ. ಹತ್ತು ಸಲ ಹೀಗೆ ಮಾಡಿ. ಹತ್ತರಲ್ಲಿ ಒಂದು ಸಲ ತಪ್ಪಿದರೂ ದೋಷ ಇದೆ ಅಂತಲೇ ಲೆಕ್ಕ. ನಮ್ಮದು ನಾಲ್ಕನೇ ಸಲ "ಟಪ್" ಅಂತ ಮಂಕಾಗಿ ಸದ್ದು ಮಾಡಿತು, ಜಗ್ಗಿದರೆ ಕಿತ್ತುಕೊಂಡು ಬಂತು. ಆ ಕ್ಷಣ ಕೈ ತಣ್ಣಗಾಯಿತು. ಚಾರ್ಮಾಡಿಯಲ್ಲಿ ಅವಳನ್ನ ಕೂರಿಸಿಕೊಂಡು ಬಂದದ್ದು ಇದೇ ಬಕಲ್ ಹಾಕಿ.

ಸೀಟಿನ ಅಡಿಯಲ್ಲಿ ಬಕಲ್ಲಿನ ಪಟ್ಟಿ ಒಂದು ಲೋಹದ ತುಂಡಿನಿಂದ ನಿಂತಿರುತ್ತದೆ. ಪುಸ್ತಕ ನೋಡಿ ಅದನ್ನ ಅಡ್ಡ ತಿರುಗಿಸಿ, ತೂತಿನ ಮೂಲಕ ಮೇಲೆ ತಳ್ಳಿದರೆ ಬಕಲ್ ಕೈಗೆ ಬರುತ್ತದೆ. ಒಂದು ಲೋಟ ಉಗುರು ಬೆಚ್ಚಗಿನ ನೀರು ತಗೊಳ್ಳಿ. ಸೋಪು ಬೇಡ. ಬಕಲ್ಲನ್ನ ತಲೆಕೆಳಗಾಗಿ ಅದರಲ್ಲಿ ಮುಳುಗಿಸಿ. ಪಟ್ಟಿಯ ಬಟ್ಟೆ ಆದಷ್ಟು ನೀರಿನಿಂದ ಹೊರಗಿರಲಿ. ಕೆಂಪು ಗುಂಡಿಯನ್ನ ಒತ್ತಿ ಬಿಡಿ, ಒತ್ತಿ ಬಿಡಿ. ನಮ್ಮದರಿಂದ ಮೊದಲು ಕಂದು ನೀರು ಬಂತು. ಆಮೇಲೆ ಎರಡು ಸತ್ತ ಇರುವೆ, ಅದರ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡ, ಕರಗಿ ಗಟ್ಟಿಯಾದ ಬಿಸ್ಕತ್ ತುಣುಕು. ನೀರು ಮೂರು ಸಲ ಬದಲಾಯಿಸಿದೆ. ಜಾಡಿಸಿ, ಬಾಯಿ ಕೆಳಗೆ ಮಾಡಿ ನೆರಳಲ್ಲಿ ಒಂದು ದಿನ ಬಿಟ್ಟೆ. ಮರುದಿನ ಹಾಕಿ ನೋಡಿದರೆ ಹೊಸದರಲ್ಲಿ ಕೇಳುತ್ತಿದ್ದ ಅದೇ ಗಟ್ಟಿ ಕ್ಲಿಕ್. ಇಪ್ಪತ್ತು ಸಲ ಜಗ್ಗಿದೆ, ಒಂದು ಸಲವೂ ಬಿಡಲಿಲ್ಲ.

ಕೊಬ್ಬರಿ ಎಣ್ಣೆ, ಹೊಲಿಗೆ ಮಷೀನಿನ ಎಣ್ಣೆ, ಸ್ಪ್ರೇ ಯಾವುದನ್ನೂ ಬಕಲ್ಲಿಗೆ ಬಿಡಬೇಡಿ. ಒಂದೆರಡು ದಿನ ಸಲೀಸಾಗಿ ಓಡುತ್ತದೆ, ಆಮೇಲೆ ಎಣ್ಣೆ ಧೂಳನ್ನೆಲ್ಲ ಹಿಡಿದು ಮೊದಲಿಗಿಂತ ಕೆಟ್ಟದಾಗುತ್ತದೆ. ಚಾಕು, ಪಿನ್ನು ಹಾಕಿ ಕೆದಕುವುದೂ ಬೇಡ. ನೀರಿನಲ್ಲಿ ತೊಳೆದ ಮೇಲೂ ಕ್ಲಿಕ್ ಮಂಕಾಗಿದ್ದರೆ ಅಥವಾ ಒಳಗೆ ತುಕ್ಕು ಕಂಡರೆ ಬಕಲ್ ಬದಲಾಗಬೇಕು. ಅದು ಸಿಗದಿದ್ದರೆ ಸೀಟೇ ಬದಲಾಗಬೇಕು.

ಬಾಡಿ ಮತ್ತು ಫೋಮ್

ಪ್ಲಾಸ್ಟಿಕ್ ಬಾಡಿಯನ್ನ ಪಾತ್ರೆ ಸೋಪಿನ ತೆಳು ನೀರಿನಲ್ಲಿ ಒರೆಸಿದರೆ ಸಾಕು. ಒರೆಸುವಾಗಲೇ ಬಿರುಕು ಹುಡುಕಿ. ಪ್ಲಾಸ್ಟಿಕ್ ಬಾಗಿದ ಕಡೆ ಬಿಳಿ ಗೆರೆಗಳು ಮೂಡಿದ್ದರೆ ಅಲ್ಲಿ ಒತ್ತಡ ಬಿದ್ದಿದೆ ಅಂತ. ತಲೆಯ ಅಕ್ಕಪಕ್ಕ ಇರುವ ಥರ್ಮಕೋಲ್ ಥರದ ಫೋಮ್ ಪೆಟ್ಟು ಹೀರಿಕೊಳ್ಳುವ ಭಾಗ. ಅದು ಮುರಿದಿದ್ದರೆ ಟೇಪ್ ಸುತ್ತಿ ಕೂರಿಸಬೇಡಿ, ಸೀಟ್ ಬದಲಾಯಿಸಿ. ಐಸೋಫಿಕ್ಸ್ (ಸೀಟನ್ನ ನೇರವಾಗಿ ಕಾರಿನ ಲೋಹದ ಕೊಂಡಿಗಳಿಗೆ ಸಿಕ್ಕಿಸುವ ವ್ಯವಸ್ಥೆ) ಇದ್ದರೆ ಅದರ ಲೋಹದ ಕೈಗಳನ್ನೂ ನೋಡಿ. ನಮ್ಮ ಕಡೆ ತೇವಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುವ ತೆಳು ತುಕ್ಕಿಗೆ ಹೆದರಬೇಕಿಲ್ಲ. ಗುಳಿ ಬಿದ್ದಿದ್ದರೆ, ಲಾಕ್ ತಡವರಿಸಿದರೆ ಅದನ್ನ ನಂಬಬೇಡಿ.

ಬೂಷ್ಟು ಮತ್ತು ಇಲಿ

ಇವೆರಡು ನಮ್ಮ ಊರಿನ ಕಾಯಿಲೆಗಳು. ಬೇರೆ ದೇಶದ ಪುಸ್ತಕದಲ್ಲಿ ಇವುಗಳ ಬಗ್ಗೆ ಒಂದು ಸಾಲು ಸಿಕ್ಕರೆ ಜಾಸ್ತಿ.

ಬೂಷ್ಟು ಎಲ್ಲಿದೆ ಅನ್ನೋದನ್ನ ಮತ್ತೆ ನೋಡಿ. ಪ್ಲಾಸ್ಟಿಕ್ ಮೇಲಿದ್ದರೆ ಸೋಪುನೀರಿನಲ್ಲಿ ಉಜ್ಜಿದರೆ ಹೋಗುತ್ತದೆ. ಕವರಿನ ಮೇಲ್ಮೈಯಲ್ಲಿದ್ದರೆ ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಾಡಿಸಿ, ಒಗೆದು, ಪೂರ್ತಿ ಒಣಗಿಸಿದರೆ ಹೋಗಬಹುದು. ಕವರಿಗೆ ಅಂಟಿಸಿರುವ ಮೆತ್ತೆಯ ಒಳಗೆ ಇಳಿದಿದ್ದರೆ ಹೋಗುವುದಿಲ್ಲ, ಮುಂದಿನ ಮಳೆಗೆ ಮತ್ತೆ ಎದ್ದು ಬರುತ್ತದೆ. ಆ ಭಾಗವನ್ನ ಕಂಪನಿಯಿಂದ ಹೊಸದಾಗಿ ತರಿಸಿ. ಉಬ್ಬಸ ಇರುವ ಮಗುವಾದರೆ ಇಲ್ಲಿ ಸ್ವಲ್ಪವೂ ರಾಜಿ ಬೇಡ. ಬೆಲ್ಟಿನ ನೇಯ್ಗೆಯೊಳಗೆ ಕಪ್ಪು ಚುಕ್ಕಿ ಕೂತಿದ್ದರೆ ಮಾತ್ರ ಕಷ್ಟ. ಅದನ್ನ ಕೊಲ್ಲುವ ಔಷಧಿಗಳು ಬೆಲ್ಟನ್ನೂ ಹಾಳು ಮಾಡುತ್ತವೆ. ಆಗ ಬೆಲ್ಟ್ ಸೆಟ್ ಬದಲಾಗಲೇಬೇಕು.

ನಮ್ಮದರಲ್ಲಿ ಬೂಷ್ಟು ಇದ್ದದ್ದು ಕವರಿನ ಹೊಲಿಗೆಯಲ್ಲಿ ಮತ್ತು ಕಾಲ ನಡುವಿನ ಪ್ಯಾಡಿನ ಒಳಗೆ. ಕವರ್ ಒಗೆದೆ. ಪ್ಯಾಡ್ ಬಿಸಾಕಿ ಅದೇ ಕಂಪನಿಯದು ತರಿಸಿದೆ. ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ಮಗಳನ್ನ ಕಾರಿನಲ್ಲಿ ಎಲ್ಲೂ ಕರೆದುಕೊಂಡು ಹೋಗಲಿಲ್ಲ. ಬೇರೆ ಸೀಟಿನ ಪ್ಯಾಡೋ ಅಂಗಡಿಯಲ್ಲಿ ಸಿಗುವ ದಪ್ಪ ಮೆತ್ತೆಯೋ ಹಾಕಬಾರದು. ಗುದ್ದಿದಾಗ ಆ ಮೆತ್ತೆ ಅಮುಕಿಕೊಂಡು ಬೆಲ್ಟ್ ಅಷ್ಟು ಸಡಿಲವಾಗಿಬಿಡುತ್ತದೆ.

ಇಲಿ ವಿಷಯ. ತೋಟದ ಮನೆಗಳಲ್ಲಿ ಶೆಡ್ಡಿನಲ್ಲಿ ಕಾರು ನಾಲ್ಕು ದಿನ ನಿಂತರೆ ಸಾಕು. ಬಿಸ್ಕತ್ ಪುಡಿಗೆ ಬರುವ ಇಲಿ ಪುಡಿಯನ್ನಷ್ಟೇ ತಿಂದು ಹೋಗುವುದಿಲ್ಲ, ಉಪ್ಪು, ಹಾಲು ಹಿಡಿದ ಬೆಲ್ಟನ್ನೂ ಕಡಿಯುತ್ತದೆ. ಸೀಟಿನ ಕೆಳಗೆ ಹಿಕ್ಕೆ ಕಂಡರೆ ಮೊದಲು ಬೆಲ್ಟಿನ ಹಿಂಭಾಗ, ಅಡಿಭಾಗ ಪೂರ್ತಿ ಹುಡುಕಿ. ಕಾಳಿನಷ್ಟು ಕಚ್ಚಿದ್ದರೂ ಆ ಬೆಲ್ಟ್ ಮುಗಿಯಿತು. ಹಿಕ್ಕೆ ತೆಗೆಯುವಾಗ ಗವಸು ಹಾಕಿ, ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಒಣಗಿದ್ದನ್ನ ಗುಡಿಸಿದರೆ ಧೂಳು ಮೂಗಿಗೆ ಹೋಗುತ್ತದೆ.

ಒಣಗಿಸುವ ಕಷ್ಟ

ಮಲೆನಾಡಿನ ಮಳೆಗಾಲದಲ್ಲಿ ತೊಳೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ಅರೆಬರೆ ಒಣಗಿದ ಕವರ್ ಹಾಕಿದರೆ ವಾರದೊಳಗೆ ಮತ್ತೆ ಬೂಷ್ಟು. ಹಾಗಂತ ಹಂಡೆ ಒಲೆ, ಅಗ್ಗಿಷ್ಟಿಕೆ ಹತ್ತಿರ ಇಡಬೇಡಿ. ಬೆಂಕಿಯ ಶಾಖಕ್ಕೆ ಪಾಲಿಯೆಸ್ಟರ್ ಸುರುಟುತ್ತದೆ, ಥರ್ಮಕೋಲ್ ಫೋಮ್ ಕುಗ್ಗುತ್ತದೆ. ಹೇರ್ ಡ್ರೈಯರ್ ಕೂಡ ಬೇಡ. ಬಾಡಿ, ಬೆಲ್ಟ್ ಎರಡನ್ನೂ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಬಿಟ್ಟರೆ ಸಾಕು.

ಕವರಿಗೆ ನನಗೆ ಸಿಕ್ಕ ಉಪಾಯ ಕಡೂರು. ನಮ್ಮೂರಿಂದ ಸುಮಾರು 40 ಕಿ.ಮೀ. ಅಷ್ಟೇ, ಆದರೆ ಇಲ್ಲಿ ಮೂರು ದಿನದಿಂದ ಜಡಿ ಹಿಡಿದಿದ್ದಾಗ ಅಲ್ಲಿ ಒಣ ಗಾಳಿ, ಬಿಸಿಲು. ಚಿಕ್ಕಮ್ಮನ ಮನೆಗೆ ಹೋಗುವವರ ಕೈಯಲ್ಲಿ ಕವರ್ ಕಳಿಸಿದೆ. ಸಂಜೆಗೆ ಗರಿಗರಿಯಾಗಿ ವಾಪಸ್ ಬಂತು. ಬಟ್ಟೆಗೆ ಬಿಸಿಲು ಒಳ್ಳೆಯದು. ಬೆಲ್ಟನ್ನ ಮಾತ್ರ ದಿನಗಟ್ಟಲೆ ಬಿಸಿಲಿಗೆ ಹಾಕಬೇಡಿ, ನೂಲು ಬಲ ಕಳೆದುಕೊಳ್ಳುತ್ತದೆ.

ಇನ್ನೊಂದು ಮಾತು. ಕಾರನ್ನ ವಾಟರ್ ವಾಶ್‌ಗೆ ಕೊಡುವಾಗ ಮಗುವಿನ ಸೀಟ್ ಮನೆಯಲ್ಲೇ ಇಳಿಸಿ ಹೋಗಿ. ಪಾಪ, ಹುಡುಗರು ಒಳ್ಳೆಯದಾಗಲಿ ಅಂತಲೇ ಅದಕ್ಕೂ ಫೋಮ್ ಹೊಡೆದು ಪ್ರೆಷರ್ ನೀರು ಬಿಟ್ಟುಬಿಡುತ್ತಾರೆ.

ಮತ್ತೆ ಜೋಡಿಸಿದ ಮೇಲೆ

ತೆಗೆದಿಟ್ಟ ಫೋಟೋ ಪಕ್ಕದಲ್ಲಿಟ್ಟುಕೊಂಡು ಜೋಡಿಸಿ. ಹಿಂದಿನ ಲೋಹದ ತುಂಡಿಗೆ ಎರಡೂ ಬೆಲ್ಟಿನ ಕುಣಿಕೆ ಪೂರ್ತಿ ಕೂತಿದೆಯಾ, ಎರಡೂ ಒಂದೇ ಮಟ್ಟದ ತೂತಿನಲ್ಲಿ ಬಂದಿವೆಯಾ, ಎಲ್ಲೂ ತಿರುಚಿಕೊಂಡಿಲ್ಲವಾ ನೋಡಿ. ಮಗು ಹಿಂದಕ್ಕೆ ಮುಖ ಮಾಡಿ ಕೂರುವುದಾದರೆ ಬೆಲ್ಟ್ ಭುಜದ ಮಟ್ಟದಲ್ಲಿ ಅಥವಾ ಕೆಳಗಿಂದ ಬರಬೇಕು, ಮುಂದಕ್ಕಾದರೆ ಭುಜದ ಮಟ್ಟದಲ್ಲಿ ಅಥವಾ ಮೇಲಿಂದ. ನಾನು ಮೊದಲ ಸಲ ಜೋಡಿಸಿದಾಗ ಎಡಗಡೆ ಕುಣಿಕೆ ಅರ್ಧ ಮಾತ್ರ ಕೂತಿತ್ತು. ಮುಂದಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಫೋಟೋ ಇದ್ದದ್ದಕ್ಕೆ ಸಿಕ್ಕಿತು.

ಕಾರಿಗೆ ಕಟ್ಟಿದ ಮೇಲೆ, ಕಾರಿನ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟನ್ನ ಹಿಡಿದು ಅಲುಗಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಅಲುಗಬಾರದು. ಮಗುವನ್ನ ಕೂರಿಸಿ ಬೆಲ್ಟ್ ಬಿಗಿಮಾಡಿ, ಭುಜದ ಹತ್ತಿರ ಬೆಲ್ಟನ್ನ ಎರಡು ಬೆರಳಲ್ಲಿ ಚಿವುಟಿ. ಮಡಿಕೆ ಕೈಗೆ ಸಿಕ್ಕರೆ ಇನ್ನೂ ಸಡಿಲ ಇದೆ. ಬೆರಳು ಜಾರಿಹೋಗಬೇಕು.

ಹಾಸನದ ಸೀಟ್

ಪುಷ್ಯ ಮಳೆ ಸ್ವಲ್ಪ ಬಿಟ್ಟಾಗ ಹಾಸನಕ್ಕೆ ಹೋಗಿದ್ದೆ. ನಾದಿನಿ ಸೀಟನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದಳು. ನೋಡೋಕೆ ಹೊಸದೇ. ಬೋರಲು ಹಾಕಿದೆ. ಗಡಿಯಾರದ ನಡುವೆ 2013 ಅಂತಿತ್ತು. ಪುಸ್ತಕದಲ್ಲಿ ಕೊಟ್ಟ ಅವಧಿ ಏಳು ವರ್ಷ. ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೂ ಬೆಲ್ಟ್ ಎಳೆದು ನೋಡಿದೆ. ಹಿಂದೆ ಮುಚ್ಚಿದ್ದ ಭಾಗ ಕಪ್ಪು, ನಯ. ಮುಂದಿನದು ಬೂದು ತಿರುಗಿ ಒಣಗಿದ ಬಾಳೆನಾರಿನ ಹಾಗೆ ಒರಟಾಗಿತ್ತು. ಕೇಳಿದಾಗ ನೆನಪು ಮಾಡಿಕೊಂಡಳು: "ಒಂದು ಸಲ ಜೋರು ವಾಂತಿ ಮಾಡಿದ್ದ ಅತ್ತಿಗೆ. ಬ್ಲೀಚಿಂಗ್ ಪೌಡರ್ ನೀರಲ್ಲಿ ರಾತ್ರಿಯೆಲ್ಲ ನೆನೆಸಿದ್ದೆ. ಎಷ್ಟು ಚೆನ್ನಾಗಿ ಬಿಳುಪಾಯ್ತು ಗೊತ್ತಾ." ಅವಳು ಪ್ರೀತಿಯಿಂದಲೇ ಮಾಡಿದ್ದು. ಯಾರೂ ಅವಳಿಗೆ ಬೇರೆ ಹೇಳಿರಲಿಲ್ಲ.

ಇಂಥ ಸೀಟನ್ನ ಹಾಗೇ ಗುಜರಿಗೆ ಕೊಡಬಾರದು. ಅಷ್ಟು ಚೆನ್ನಾಗಿ ಕಾಣುವುದನ್ನ ಯಾರಾದರೂ ತಮ್ಮ ಮಗುವಿಗೆ ಅಂತ ಕೊಂಡುಕೊಂಡು ಹೋಗುತ್ತಾರೆ. ಇಬ್ಬರೂ ಸೇರಿ ಕವರ್ ಬಿಚ್ಚಿದೆವು. ಅದನ್ನ ಅವಳು ಒರೆಸುವ ಬಟ್ಟೆಗೆ ಅಂತ ಇಟ್ಟುಕೊಂಡಳು. ಬೆಲ್ಟುಗಳನ್ನ ಬುಡದಲ್ಲೇ ಕತ್ತರಿಸಿದೆವು. ಆ ಒರಟು ಬೆಲ್ಟ್ ಅಡುಗೆಮನೆಯ ಕತ್ತರಿಗೆ ಒಂದೇ ಸಲಕ್ಕೆ ತುಂಡಾಯಿತು. ಬಕಲ್ ಕಿತ್ತು ಬೇರೆ ಚೀಲಕ್ಕೆ ಹಾಕಿದೆವು. ಪ್ಲಾಸ್ಟಿಕ್ ಬಾಡಿಯ ಬೆನ್ನಿನ ಮೇಲೆ ಮಾರ್ಕರಿನಲ್ಲಿ ದಪ್ಪಗೆ "ಅವಧಿ ಮುಗಿದಿದೆ, ಮಗುವನ್ನ ಕೂರಿಸಬೇಡಿ" ಅಂತ ಬರೆದು, ಮಾರನೇ ದಿನ ಬಂದ ಗುಜರಿಯವರ ಗಾಡಿಗೆ ಏರಿಸಿದೆವು.